ಕಂಪ್ಯೂಟರ್ ನೋಡಲು ಬಂದವರು

ಇವತ್ತು ಬೆಳಿಗ್ಗೆ ನಮ್ಮ ನಡುಮನೆಯ ಎಸಿ ಎರಡು ಸಲ ಗೊರಕೆ ಹೊಡೆದು, ಸುಟ್ಟ ರಬ್ಬರಿನ ವಾಸನೆ ಬಿಟ್ಟು, ಕಣ್ಣು ಮುಚ್ಚಿತು. ಹೊಸಪೇಟೆಯ ಮೇ ತಿಂಗಳು ನಿಮಗೆ ಗೊತ್ತಿಲ್ಲದಿದ್ದರೆ ಅದು ನಿಮ್ಮ ಪುಣ್ಯ. ರಿಪೇರಿಯವನು ಬಂದು ಬಿಚ್ಚಿ ನೋಡಿ, ಸಾಮಾನು ಬಳ್ಳಾರಿಯಿಂದ ಬರಬೇಕು, ವಾರವಾಗುತ್ತದೆ ಎಂದು ಹೇಳಿ ಹೋದ.

ನಮ್ಮವಳು ಅಡಿಗೆಮನೆಯಿಂದಲೇ ತೀರ್ಪು ಕೊಟ್ಟಳು. “ಹಂಗಾದ್ರ ಒಂದು ವಾರ ಚಾಪುಡಿ ಉಳೀತು ಬಿಡ್ರಿ. ಯಾರೂ ಬರಂಗಿಲ್ಲ.”

“ಮಂದಿ ನನ್ನ ನೋಡಾಕ ಬರ್ತಾರ, ಎಸಿ ನೋಡಾಕಲ್ಲ,” ಎಂದೆ.

ಅವಳು ಬರೀ ನಕ್ಕಳು. ಮೈ ಉರಿಯಿತು. ಏಕೆಂದರೆ ಅದೇ ಅನುಮಾನ ನನ್ನನ್ನು ನೌಕರಿಯ ಕಾಲದಿಂದಲೂ ಕಾಡುತ್ತಾ ಬಂದಿದೆ.

ನಾನು ಸಕ್ಕರೆ ಕಾರ್ಖಾನೆಯಲ್ಲಿದ್ದವನು. ಕಾಲುವೆಗೆ ನೀರು ಬಂದು, ಇಲ್ಲಿಂದ ಕಂಪ್ಲಿಯವರೆಗೆ ಕಬ್ಬೋ ಕಬ್ಬು ಎನ್ನುವಂತಿದ್ದ ಕಾಲ. ಮೊದಲು ಮೀಟರುಗಳನ್ನು ನೋಡಿಕೊಳ್ಳುತ್ತಿದ್ದೆ. ಆಮೇಲೆ ಲೆಕ್ಕ ಇಡುವ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುವ ಯಂತ್ರಕ್ಕೆ ಬಡ್ತಿಯಾಯಿತು. ಯೌವನವೆಲ್ಲ ತೂತು ಹೊಡೆಯುವುದರಲ್ಲೇ ಕಳೆಯಿತೆಂದು ನಾನೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ. ಎಂಬತ್ತರ ದಶಕದಲ್ಲಿ ಕಂಪ್ಯೂಟರು ಬಂತು. ಕಾಯಿ ಒಡೆದು, ಕುಂಕುಮ ಇಟ್ಟು ಒಳಗೆ ಕರೆದುಕೊಂಡೆವು. ಅದಕ್ಕೆ ಸೆಕೆ ಆಗದು ಎಂದು ಎಸಿ ಹಾಕಿಸಿದರು. ಮ್ಯಾನೇಜರಿಗೂ ಇರದ ಎಸಿ! ಅದರ ದೆಸೆಯಿಂದ ನನಗೂ ತಂಪು.

ಶುರುವಾಯಿತು ನೋಡಿ ವಿಜ್ಞಾನದ ಮೇಲಿನ ಭಕ್ತಿ. ಹಂಪಿಯ ಕಲ್ಲುಗಳ ನಡುವೆ ಬೆಂದು ಬಂದ ಅತಿಥಿಗಳು, ಸಂಡೂರಿನ ಗಣಿಧೂಳಿನಲ್ಲಿ ಕೆಂಪಾಗಿ ಬಂದ ಅಧಿಕಾರಿಗಳು, ಎಲ್ಲರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು, “ಕಂಪ್ಯೂಟರ್ ನೋಡಾಕ ಬಂದ್ವಿ” ಎನ್ನುತ್ತಿದ್ದರು. ನಾನು ಉತ್ಸಾಹದಿಂದ ವಿವರಿಸುತ್ತಿದ್ದೆ. ಅವರು ತಲೆದೂಗುತ್ತಿದ್ದರು. ಒಬ್ಬ ದೊಡ್ಡ ಸಾಹೇಬರಂತೂ ಕಣ್ಣು ಮುಚ್ಚಿಕೊಂಡು, “ಭಾಳ ಮುಂದುವರದೈತಿ ನೋಡ್ರಿ” ಎಂದು, ಹಾಗೇ ಕುರ್ಚಿಯಲ್ಲಿ ಒರಗಿದರು. ಮುಂದುವರಿದದ್ದು ಅವರ ನಿದ್ದೆ ಎಂದು ತಿಳಿಯಲು ನನಗೆ ಒಂದು ಬೇಸಿಗೆಯೇ ಬೇಕಾಯಿತು. ಮ್ಯಾನೇಜರರ ಮಗಳ ಮದುವೆಯ ಮಲ್ಲಿಗೆ ಹಾರಗಳು ಕೂಡ ಒಂದು ಇಡೀ ದಿನ ಕಂಪ್ಯೂಟರ್ ನೋಡುತ್ತಾ ಪ್ರಿಂಟರಿನ ಮೇಲೆ ಕೂತಿದ್ದವು. ಕೊನೆಗೆ ಕಾರ್ಖಾನೆಯಲ್ಲಿ ಆ ಮಾತಿಗೇ ಬೇರೆ ಅರ್ಥ ಹುಟ್ಟಿತು. ಯಾರಾದರೂ ಕಾಣದಿದ್ದರೆ, “ಕಂಪ್ಯೂಟರ್ ನೋಡಾಕ ಹೋಗ್ಯಾನ” ಎಂದರೆ, ಎಲ್ಲೋ ಬಿದ್ದುಕೊಂಡಿದ್ದಾನೆ ಎಂದೇ ಲೆಕ್ಕ.

ಎಲ್ಲರಿಗಿಂತ ನಾಚಿಕೆಗೆಟ್ಟವನು ಬಾಯ್ಲರಿನ ಹುಲುಗಪ್ಪ. ಬೆಂಕಿಯ ಮುಂದೆ ನಿಲ್ಲುವ ಕೆಲಸ ಅವನದು, ಪಾಪ ಎನ್ನಿ. ಆದರೂ ಊಟವಾದ ಕೂಡಲೇ ಬಂದು, ಟವೆಲು ಹಾಸಿ, ಪ್ರಿಂಟರಿನ ಹಿಂದೆ ಮಲಗಿಬಿಡುತ್ತಿದ್ದ. ಅದು ಕರ್ರೋ ಎಂದು ಕಾಗದ ಉಗುಳಿದರೂ ಅವನಿಗೆ ಎಚ್ಚರವಿಲ್ಲ.

ನಿವೃತ್ತಿಯಾದ ಮೇಲೆ ಆ ತಂಪಿನ ಚಟ ಬಿಡಲಾಗದೆ ಮನೆಗೂ ಎಸಿ ಹಾಕಿಸಿದೆ. ಮತ್ತೆ ಜನ! ಯುಗಾದಿ ದಾಟಿದ್ದೇ ತಡ, ಓಣಿಯವರಿಗೆಲ್ಲ ನನ್ನ ಆರೋಗ್ಯದ ಚಿಂತೆ. ಮಧ್ಯಾಹ್ನವೇ ವಿಚಾರಿಸಬೇಕು. ಮಾಗಿಯಲ್ಲಿ ನಾನು ಸತ್ತರೂ ಇವರಿಗೆ ಗೊತ್ತಾಗುವುದು ಬೇಸಿಗೆಗೇ. ಹುಲುಗಪ್ಪನೂ ತಪ್ಪದೆ ಬರುತ್ತಾನೆ. ನಾನು ಹಳೆಯ ಕಂಪ್ಯೂಟರಿನ ಕಥೆ ತೆಗೆಯುತ್ತೇನೆ, ಅವನು ಗೊರಕೆ ತೆಗೆಯುತ್ತಾನೆ.

ಇವತ್ತು ಊಟ ಮುಗಿಸಿ, ಅಂಗಿಯ ಗುಂಡಿ ಹಾಕಿಕೊಂಡು ಕಾದೆ. ಮೂರು ಹೊಡೆಯಿತು. ಒಂದು ನರಪಿಳ್ಳೆಯೂ ಇಲ್ಲ. ದಿನಾ ಬರುವ ಪಕ್ಕದ ಬೀದಿಯ ಮಾಸ್ತರರು ಫೋನು ಮಾಡಿದರು. “ಇವತ್ತು ಸ್ವಲ್ಪ ಮೈ ಸರಿ ಇಲ್ರಿ. ಅಂದಂಗ, ಎಸಿ ರಿಪೇರಿ ಆತೇನ್ರಿ?” ನಾನು ಫೋನು ಇಟ್ಟುಬಿಟ್ಟೆ. ಒಳಗೆ ನಮ್ಮವಳ ಬಳೆ ಸದ್ದಾಯಿತು. ನಗು ತಡೆದುಕೊಂಡಿರಬೇಕು. ನಿಜ ಹೇಳುತ್ತೇನೆ, ಅಳು ಬಂದ ಹಾಗಾಯಿತು. ಇಷ್ಟೆಲ್ಲ ವರ್ಷ ದುಡಿದು ನಾನು ಗಳಿಸಿದ್ದು ಒಂದು ತಂಪು ಕೋಣೆಯ ಕಾವಲೇ?

ಗೇಟು ಕಿರ್ರೆಂದಿತು. ತಲೆಗೆ ಒದ್ದೆ ಟವೆಲು ಸುತ್ತಿಕೊಂಡು ಹುಲುಗಪ್ಪ ಬಂದ.

“ಎಸಿ ಕೆಟ್ಟೈತಲೇ,” ಎಂದೆ ಮುಖ ಗಂಟಿಕ್ಕಿಕೊಂಡು. “ನಿದ್ದಿ ಬೇಕಂದ್ರ ಬ್ಯಾರೆ ಮನಿ ನೋಡು.”

“ಗೊತ್ತೈತಿ. ಓಣಿ ತುಂಬ ಸುದ್ದಿ ಆಗೈತಿ. ಅದಕ್ಕ ಬಂದೆ.” ಕುರ್ಚಿ ಎಳೆದುಕೊಂಡು ಕೂತ. “ನಿನ್ನ ಹತ್ರ ಕುಂತಾಗೆಲ್ಲ ತಂಪಿಗೆ ಕಣ್ಣು ಎಳೀತಿದ್ವು. ನೀ ಹೇಳಿದ್ದು ಒಂದು ಮಾತೂ ಕಿವಿಗೆ ಬಿದ್ದಿಲ್ಲ. ಇವತ್ತು ನಿದ್ದಿ ಬರಂಗಿಲ್ಲ. ಹೇಳು, ಆ ಮಿಷನ್ನು ಏನ್ ಮಾಡ್ತಿತ್ತಲೇ?”

“ಯಾರ ಹೊಲದ ಕಬ್ಬು ಮೊದಲು ಕಡೀಬೇಕು ಅಂತ ಸರದಿ ಹಚ್ಚತಿತ್ತು,” ಎಂದೆ.

“ಹೌದಾ!” ಹುಲುಗಪ್ಪ ಬೆರಗಾದ. “ನಾ ಇಷ್ಟು ದಿನ ಅದು ತಂಪು ಮಾಡೋ ಮಿಷನ್ನು ಅಂತ ತಿಳಕೊಂಡಿದ್ದೆ. ನಿನ್ನ ಮನ್ಯಾಗ ಎಸಿ ನೋಡಿದ ಮ್ಯಾಲೆ ಸ್ವಲ್ಪ ಅನುಮಾನ ಬಂತು. ಹ್ಞೂಂ, ಆಮ್ಯಾಲೆ?”

ಒಳಗಿಂದ ನಮ್ಮವಳ ಧ್ವನಿ ಬಂತು. “ಯಾರ್ರೀ ಬಂದವರು?”

“ಹುಲುಗಪ್ಪ. ಕಂಪ್ಯೂಟರ್ ನೋಡಾಕ ಬಂದಾನ,” ಎಂದೆ. “ಎರಡು ಚಾ ಮಾಡು.”