ಹಿಂದಿನ ಬೆಂಚಿನ ಸರ್

ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜೊಂದರಲ್ಲಿ ಭೂಗೋಳ ಕಲಿಸಲು ಸೇರಿದ ಹೊಸದರಲ್ಲೇ ನಮ್ಮ ವಿಭಾಗದ ಮುಖ್ಯಸ್ಥರು ನನ್ನ ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತುಬಿಟ್ಟರು. ಹುನಗುಂದದ ಕಡೆಯ ದೊಡ್ಡ ಮೀಸೆಯ ಮನುಷ್ಯ. ಬಾದಾಮಿಯ ಬಂಡೆಗಳು ಒಂದು ಕಾಲಕ್ಕೆ ಬರೀ ಮರಳಾಗಿದ್ದವು ಎಂದು ಹೇಗೋ ಪಾಠ ಮುಗಿಸಿದೆ. ಗಂಟೆ ಹೊಡೆದಾಗ ಸರ್ ಎದ್ದು ಹತ್ತಿರ ಬಂದರು.

"ಮೇಡಂ, ಆ ಮರಳು ಎಲ್ಲಿಂದ ಬಂದಿತ್ತು? ನನಗದು ತಿಳೀಲಿಲ್ಲ ನೋಡ್ರಿ."

ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಇಲ್ಲ, ನಿಜವಾಗಿಯೂ ಕೇಳುತ್ತಿದ್ದರು. ನನಗೂ ಗೊತ್ತಿರಲಿಲ್ಲ.

"ಹಂಗಾದ್ರ ಇಬ್ಬರೂ ಓದೂಣು. ನಾಳೆ ನನ್ನ ಕ್ಲಾಸಿಗೆ ಬರ್ರಿ, ನನ್ನ ತಪ್ಪು ಹಿಡೀರಿ," ಅಂದರು.

ಮುಖ್ಯಸ್ಥರೇ ತಿಳಿಯಲಿಲ್ಲ ಎಂದ ಮೇಲೆ ಉಳಿದವರ ಬಿಂಕ ಎಲ್ಲಿ ನಿಲ್ಲಬೇಕು? ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಕೂರತೊಡಗಿದೆವು. ಮಧ್ಯಾಹ್ನ ರೊಟ್ಟಿ, ಶೇಂಗಾ ಚಟ್ನಿಯ ಜೊತೆ ವಾದವೂ ಇರುತ್ತಿತ್ತು. ಇಳಕಲ್ಲಿನ ಸಹೋದ್ಯೋಗಿಯೊಬ್ಬರು ನನಗೆ ನಕಾಶೆ ಬಿಡಿಸುವುದನ್ನು ಕಲಿಸಿದ್ದು ಆ ರೊಟ್ಟಿಯ ಹೊತ್ತಿನಲ್ಲೇ.

ಸರ್ ನಿವೃತ್ತರಾದರು, ಆಮೇಲೆ ತೀರಿಯೂ ಹೋದರು. ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಕೂರುವ ರೂಢಿಯೂ ನಿಂತುಹೋಯಿತು. ಈಗ ಅವರ ಕುರ್ಚಿ ನನ್ನದು. ತಾವು ಮಾಡಿದ ಸ್ಲೈಡು ಪಕ್ಕದವರಿಗೆ ಸಿಗದಂತೆ, ಮನೆಯ ಬಂಗಾರವೇನೋ ಎಂಬಂತೆ, ಪಾಸ್‌ವರ್ಡ್ ಹಾಕಿಡುವವರಿದ್ದಾರೆ. ತಿಳಿದದ್ದನ್ನು ಹಂಚಿಕೊಳ್ಳಿ ಎಂದು ಸಭೆ ಕರೆದರೆ ಎಲ್ಲರೂ ತಲೆಯಾಡಿಸಿ, ಚಹಾ ಕುಡಿದು ಎದ್ದು ಹೋಗುತ್ತಾರೆ. ಪಾಠದ ನಡುವೆ ಹಿಂದಿನ ಬೆಂಚಿನತ್ತ ಕಣ್ಣು ಹೋದಾಗಲೆಲ್ಲ ಸರ್ ಇರಬೇಕಿತ್ತು ಅನ್ನಿಸುತ್ತದೆ.

ಮೊನ್ನೆ ಧೈರ್ಯ ಮಾಡಿ, ಹೊಸದಾಗಿ ಕೆಲಸಕ್ಕೆ ಸೇರಿದ ಬೇವೂರಿನ ಹುಡುಗಿಯ ತರಗತಿಗೆ ಹೋಗಿ ಹಿಂದೆ ಕೂತೆ. ಅವಳ ಮುಖ ಬಿಳಿಚಿತು. ಪಾಠ ಮುಗಿದದ್ದೇ ಓಡಿ ಬಂದಳು.

"ನಂದೇನರ ತಪ್ಪಾತೇನ್ರಿ, ಮೇಡಂ?"

"ಇಲ್ಲವ್ವಾ, ಕಲಿಯಾಕ ಬಂದೇನಿ. ನಾಳೆ ನೀ ನನ್ನ ಕ್ಲಾಸಿಗೆ ಬಾ."

ಮರುದಿನ ಬಾಗಿಲು ತೆರೆದಿಟ್ಟೇ ಪಾಠ ಮಾಡಿದೆ. ಹಿಂದಿನ ಬೆಂಚು ಕೊನೆಯವರೆಗೂ ಖಾಲಿ. ಸರ್ ಆಗಲು ಹೊರಟೆಯಲ್ಲೇ ಎಂದು ನನ್ನನ್ನು ನಾನೇ ಬೈದುಕೊಂಡು ಹೊರಬಂದರೆ, ಹುಡುಗಿ ಬಾಗಿಲ ಪಕ್ಕದ ಗೋಡೆಗೆ ಆತು ನಿಂತಿದ್ದಾಳೆ.

"ಒಳಗ ಬರಾಕ ಅಂಜಿಕಿ ಆತ್ರಿ. ಇಲ್ಲೇ ನಿಂತು ಪೂರಾ ಕೇಳೇನಿ. ಒಂದು ಕಡೆ ಮಾತ್ರ ನನಗ ತಿಳೀಲಿಲ್ಲ ನೋಡ್ರಿ..."

ಎಷ್ಟು ವರ್ಷವಾಗಿತ್ತು, ಆ ಮಾತು ಕೇಳಿ! ಅವಳನ್ನು ಒಳಗೆ ಕರೆದೊಯ್ದು ಹಿಂದಿನ ಬೆಂಚಿನಲ್ಲಿ ಕೂರಿಸಿದೆ. ಪಕ್ಕದಲ್ಲಿ ನಾನೂ ಕೂತೆ.