ಕೆನೆ ಕಟ್ಟಿದ ಬಟ್ಟಲು

ಅಟ್ಟೂರಿನ ಮನೆಯಲ್ಲಿ ಗಜಾಲಾ ಬೆಳಗಿನ ಎರಡನೇ ಚಹಾ ಸೋಸುತ್ತಿದ್ದಾಗ ಫೋನಿಗೆ ಒಂದು ಚಿತ್ರ ಬಂತು. ಅವರ ಮೊದಲ ಕಾದಂಬರಿಯ ಮುಖಪುಟ. ಸಾವಿರ ವರ್ಷ ಹಿಂದಿನ ಚೀನಾದ ರಾಜಧಾನಿ. ಕೊಲೆಯಾದ ರೇಷ್ಮೆ ವ್ಯಾಪಾರಿಯ ಮೇಜು. ಅದರ ಮೇಲಿನ ಬಟ್ಟಲನ್ನು ಬಗ್ಗಿ ನೋಡುತ್ತಿರುವ ನ್ಯಾಯಾಧಿಕಾರಿ.

ಅದನ್ನು ಬರೆದ ಕಲಾವಿದೆ ರಾಣಿಗೆ ಗಜಾಲಾ ಫೋನ್ ಮಾಡಿದರು.

"ಚೆನ್ನಾಗಿದೆ ಕಣಮ್ಮ. ಆದ್ರೆ ಬಟ್ಟಲಲ್ಲಿ ಕೆನೆ ಎಲ್ಲಿ? ಕೇಸೆಲ್ಲಾ ಅದ್ರ ಮೇಲೇ ನಿಂತಿದೆ."

"ಕೆನೆ ಹೆಂಗ್ ಬರುತ್ತೆ ಮೇಡಂ? ಆ ಊರೋರು ಟೀಗೆ ಹಾಲೇ ಹಾಕ್ತಿರ್ಲಿಲ್ವಲ್ಲ. ನಾನು ಹಳೇ ಪೇಂಟಿಂಗ್ ನೋಡ್ಕೊಂಡೇ ಬರ್ದಿದ್ದು."

ಗಜಾಲಾ ಯಲಹಂಕ ಉಪನಗರದ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾರೆ. ಚೀನಾ ನೋಡಿದವರಲ್ಲ. ಕೋಟೆ, ಕಚೇರಿ, ಸೆರೆಮನೆ, ಶಿಕ್ಷೆ ಎಲ್ಲವನ್ನೂ ವರ್ಷಗಟ್ಟಲೆ ಓದಿ ಬರೆದವರು. ಚಹಾದ ಬಗ್ಗೆಯೂ ಓದಬೇಕೆಂದು ಹೊಳೆದಿರಲಿಲ್ಲ. ಅವರ ಅತ್ತೆ ನೂರ್‌ಜಹಾನ್ ದಿನವೂ ಚಹಾ ಆರಲು ಬಿಟ್ಟು, ಮೇಲೆ ಕಟ್ಟಿದ ಕೆನೆಯನ್ನು ಬನ್ನಿಗೆ ಸವರಿ ತಿನ್ನುತ್ತಾರೆ. ಕಥೆಯ ಸುಳಿವು ಹುಟ್ಟಿದ್ದೇ ಅಲ್ಲಿ. "ಈಗಷ್ಟೇ ಯಜಮಾನರಿಗೆ ಚಹಾ ಬಗ್ಗಿಸಿ ಬಂದೆ" ಎಂದು ವ್ಯಾಪಾರಿಯ ಗುಮಾಸ್ತ ಹೇಳುತ್ತಾನೆ. ದಪ್ಪ ಕೆನೆ ಕಟ್ಟಬೇಕಾದರೆ ಚಹಾ ಬಗ್ಗಿಸಿ ಬಹಳ ಹೊತ್ತಾಗಿರಬೇಕೆಂದು ನ್ಯಾಯಾಧಿಕಾರಿ ಕೊನೆಯ ಅಧ್ಯಾಯದಲ್ಲಿ ಅವನ ಸುಳ್ಳನ್ನೂ ಕೊಲೆಯನ್ನೂ ಹಿಡಿಯುತ್ತಾನೆ.

ಯಶವಂತಪುರದ ಪ್ರೆಸ್ಸಿನಲ್ಲಿದ್ದ ಪ್ರಕಾಶಕ ಮಹೇಂದ್ರ ಮೊದಲ ರಿಂಗಿಗೇ ಫೋನ್ ಎತ್ತಿದರು.

"ಮೆಷಿನ್ ನಿಲ್ಸಿ ಸಾರ್."

"ಬಸ್ಸು ಮೆಜೆಸ್ಟಿಕ್ ಮುಟ್ಟಿದ್ಮೇಲೆ ಸ್ಟಾಪ್ ಕೊಡಿ ಅಂತೀರಲ್ಲ! ಕೊನೇ ಫಾರಂ ಒಂದೇ ಬಾಕಿ."

ಫಾರಂ ಎಂದರೆ ಒಟ್ಟಿಗೆ ಅಚ್ಚಾಗುವ ಹದಿನಾರು ಪುಟ. ಕೆನೆಯ ಬಟ್ಟಲಿದ್ದ ಫಾರಂ ಆಗಲೇ ಅಚ್ಚಾಗಿ ಒಣಗುತ್ತಿತ್ತು. ಮತ್ತೆ ಅಚ್ಚು ಹಾಕಲು ಕಾಗದವಿಲ್ಲ. ಊಟದ ನಂತರ ಕೊನೆಯದೂ ಮೆಷಿನ್ ಏರಬೇಕು. ನಾಳೆಯಿಂದ ಪ್ರೆಸ್ಸು ಬೇರೆಯವರ ಕೆಲಸಕ್ಕೆ.

"ಓದೋರು ನಗ್ತಾರೆ ಸಾರ್. ಯಲಹಂಕದ ಟೀ ಅಂಗಡೀನ ಚೀನಾಕ್ಕೆ ಕಳ್ಸಿದೀನಿ."

"ನಗೋಕಾದ್ರೂ ಕೊಂಡ್ಕೊಳ್ಲಿ ಬಿಡಿ ಮೇಡಂ."

ಗಜಾಲಾಗೆ ನಗು ಬರಲಿಲ್ಲ. ಪತ್ತೇದಾರನೇ ಮೂರ್ಖನಾದ ಪುಸ್ತಕ ತಮ್ಮ ಹೆಸರಿನಲ್ಲಿ ಹೊರಬೀಳುತ್ತದೆ. ಎರಡನೆಯದನ್ನು ಯಾರು ಕೇಳುತ್ತಾರೆ? ಊಟದವರೆಗೆ ಸಮಯ ಕೇಳಿ ಫೋನ್ ಇಟ್ಟರು.

ಏನಾಯಿತೆಂದು ನೂರ್‌ಜಹಾನ್ ದಖನಿ ಉರ್ದುವಿನಲ್ಲಿ ವಿಚಾರಿಸಿದರು. ಎಲ್ಲ ಕೇಳಿಸಿಕೊಂಡು, ಕೊಂದವನ ಹೆಸರೂ ಅಚ್ಚಾಗಿದೆಯೇ ಎಂದರು. ಇಲ್ಲ, ಅದು ಕೊನೆಯ ಫಾರಂನಲ್ಲಿದೆ ಎಂದರು ಗಜಾಲಾ. "ಹಾಗಾದರೆ ಅಳುವುದೇಕೆ? ಬೇರೆ ಯಾವನನ್ನಾದರೂ ಹಿಡಿ. ನಮ್ಮ ಪೊಲೀಸರು ಹಿಡಿಯುವುದಿಲ್ಲವೇ!" ಎಂದರು ಅತ್ತೆ.

ಗಜಾಲಾ ಲ್ಯಾಪ್‌ಟಾಪ್ ತೆರೆದರು. ಆ ನಗರದವರು ಹಾಲು ಹಾಕುವುದಿಲ್ಲವೆಂದರೆ, ಈ ಬಟ್ಟಲಿಗೆ ಹಾಲು ಹಾಕಿದವನು ಹೊರಗಿನವನು. ಛತ್ರದ ಅಧ್ಯಾಯದಲ್ಲಿ ಉತ್ತರದ ಹುಲ್ಲುಗಾವಲಿನ ಕುದುರೆ ವ್ಯಾಪಾರಿಯೊಬ್ಬನಿದ್ದ. ರೇಷ್ಮೆ ವ್ಯಾಪಾರಿಯ ಮನೆ ಹೊಸ್ತಿಲನ್ನೇ ತುಳಿದಿಲ್ಲ ಎಂದು ಹೇಳಿ ಹೋಗಿದ್ದ. ಅವನ ಕಡೆಯವರು ಚಹಾಕ್ಕೆ ಹಾಲು ಹಾಕುವವರು. ಗುಮಾಸ್ತ ಬಗ್ಗಿಸಿದ್ದು ಬರೀ ಚಹಾ. ಅವನು ಹೋದ ಮೇಲೆ ಬಿದ್ದದ್ದು ಆಗಲೇ ಕೆನೆ ಕಟ್ಟಿದ್ದ ಹಾಲು.

ಆದರೆ ಅಚ್ಚಾದ ಪುಟಗಳಲ್ಲಿ ಬೇರೆ ಯಾರಾದರೂ ಹಾಲಿನ ಚಹಾ ಕುಡಿದಿದ್ದರೆ ಇದೂ ಬಿದ್ದುಹೋಗುತ್ತದೆ. ಕಡತದಲ್ಲಿ 'ಹಾಲು' ಎಂದು ಹುಡುಕಿದರು. ಒಂದೂ ಸಿಗಲಿಲ್ಲ, ಬಟ್ಟಲಿನ ಪುಟವೂ ಸಿಗಲಿಲ್ಲ. ಪುಟ ಕಟ್ಟಿದ್ದು ಹಳೆಯ ಫಾಂಟಿನಲ್ಲಿ. ಅದರಲ್ಲಿ ಕನ್ನಡ ಹುಡುಕಲಾಗದು. ಕಣ್ಣಲ್ಲೇ ಓದಬೇಕು. ಮೊದಲರ್ಧ ಗಜಾಲಾ, ಉಳಿದರ್ಧ ಪ್ರೆಸ್ಸಿನಲ್ಲಿ ಮಹೇಂದ್ರ. ಫೋನ್ ಸ್ಪೀಕರಿನಲ್ಲಿತ್ತು, ಆ ಕಡೆ ಹಾಳೆ ಮಗುಚುವ ಸದ್ದು.

"ಮೇಡಂ, ಇಲ್ಲೊಂದು ಟೀ ಇದೆ. ನಿಮ್ ನ್ಯಾಯಾಧಿಕಾರೀನೇ ಕುಡೀತಾವ್ನೆ."

"ಹಾಲು?"

"ತಡೀರಿ, ಸಾಲು ಮುಂದಿನ್ ಪುಟಕ್ಕೆ ಹೋಗಿದೆ."

ಗಜಾಲಾ ಪರದೆಯಿಂದ ಕಣ್ಣು ತೆಗೆದರು.

"ಬಿಸಿ ಚಹಾ ಅಂತಿದೆ. ಅಷ್ಟೇ."

"ಹಾಲಿಲ್ವಾ? ಸರಿಯಾಗಿ ನೋಡಿ."

"ಹಾಲೂ ಇಲ್ಲ, ಸಕ್ರೇನೂ ಇಲ್ಲ. ಪಾಪದವ್ನು ಕಣ್ರೀ."

ಉಳಿದ ಪುಟಗಳಲ್ಲೂ ಸಿಗಲಿಲ್ಲ. ಕೊನೆಯ ಅಧ್ಯಾಯದ ನಾಲ್ಕು ಪುಟಗಳನ್ನು ಗಜಾಲಾ ಅಷ್ಟೇ ಸಾಲುಗಳಲ್ಲಿ ಹೊಸದಾಗಿ ಬರೆದು ಕಳಿಸಿದರು. ಗುಮಾಸ್ತ ಬಿಡುಗಡೆಯಾದ. ಕುದುರೆ ವ್ಯಾಪಾರಿ ನಗರದ ಉತ್ತರದ ಬಾಗಿಲಲ್ಲಿ ಸಿಕ್ಕಿಬಿದ್ದ.

ಮಧ್ಯಾಹ್ನ ಕೊನೆಯ ಫಾರಂ ಮೆಷಿನ್ ಏರಿತು. ಶನಿವಾರ ಹಾಳೆಗಳು ಬೈಂಡಿಂಗ್‌ಗೆ ಹೋಗುತ್ತವೆ. ಅಷ್ಟರಲ್ಲಿ ರಾಣಿ ಮುಖಪುಟದ ಬಟ್ಟಲಿಗೆ ಕೆನೆ ಬರೆಯಬೇಕು.