ಮುಳ್ಳು ಬಾರದ ಕುಸುರೆಳ್ಳು

ಕುದಿಯುವ ಸಕ್ಕರೆ ಪಾಕಕ್ಕೆ ಒಂದು ಚಮಚ ಹಾಲು ಬಿದ್ದಾಗ ಏಳುವ ವಾಸನೆ ನಿಮಗೂ ಗೊತ್ತಿರಬಹುದು. ಬೈಲಹೊಂಗಲದ ಪೇಟೆಯಲ್ಲಿ ಮಿಠಾಯಿ ಅಂಗಡಿಯ ಮುಂದೆ ಹಾಯುವಾಗ ಅದು ಮೂಗಿಗೆ ಬಡಿದರೆ ನಾನು ಇಂದಿಗೂ ನಿಂತುಬಿಡುತ್ತೇನೆ. ಹಿಂದೆ ಬರುವವರು ಗೊಣಗುತ್ತಾರೆ, ಗೊಣಗಲಿ. ಅರವತ್ತು ದಾಟಿ, ಕಿತ್ತೂರಿನ ಎರಡು ಖೋಲಿಯ ಮನೆಯಲ್ಲಿ ಒಬ್ಬಳೇ ಇರುವ ನನಗೆ ಅಂಥ ಅವಸರವಾದರೂ ಏನಿದೆ? ಆ ವಾಸನೆಯ ಹಿಂದೆ ಮುರಗೋಡದ ನಮ್ಮ ಮನೆ ಇದೆ, ಹೊಗೆ ಹಿಡಿದ ಅಡಿಗೆಮನೆ ಇದೆ, ಇದ್ದಲಿಯ ಶೇಗಡಿ ಒಲೆಯ ಮುಂದೆ ಕಾಲು ಮಡಚಿ ಕುಳಿತ ಚಿಗವ್ವ ಇದ್ದಾಳೆ. ಇದ್ದಾಳೆ ಎಂದು ಬರೆದುಬಿಟ್ಟೆ. ಇದ್ದಳು.

ಚಿಗವ್ವ ನಮ್ಮ ಕಾಕಾನ ಹೆಂಡತಿ. ಮದುವೆಯಾದ ಎರಡನೇ ವರ್ಷಕ್ಕೇ ಕಾಕಾ ತೀರಿಕೊಂಡ, ಮಕ್ಕಳಿರಲಿಲ್ಲ. ತವರಿಗೆ ಮರಳದೆ ಅತ್ತೆಯ, ಅಂದರೆ ನಮ್ಮಜ್ಜಿಯ ಕೈಕೆಳಗೇ ಉಳಿದುಬಿಟ್ಟಳು. ಮನೆ ತುಂಬ ಜನ. ರೊಟ್ಟಿ ಬಡಿಯಲು, ಬಾಣಂತಿಗೆ ಎರೆಯಲು, ಕೂಸು ಆಡಿಸಲು ಎಲ್ಲರಿಗೂ ಆಕೆ ಬೇಕು. ಹಬ್ಬದ ದಿನ ಆಕೆ ಪಡಸಾಲೆಗೆ ಬರುವುದು ಮಾತ್ರ ಯಾರಿಗೂ ಬೇಕಿರಲಿಲ್ಲ. ಸಂಕ್ರಾಂತಿಗೆ ಹದಿನೈದು ದಿನ ಇರುವಾಗಲೇ ಆಕೆ ಕುಸುರೆಳ್ಳು ಮಾಡಲು ಕೂಡುತ್ತಿದ್ದಳು. ಚಳಿ ಇದ್ದರೇ ಎಳ್ಳಿಗೆ ಮುಳ್ಳು ಬರುವುದೆಂದು ಕೋಳಿ ಕೂಗುವ ಹೊತ್ತಿಗೆ ಎದ್ದು, ಸಣ್ಣ ಕೆಂಡದ ಮೇಲೆ ಅಗಲ ತಟ್ಟೆಯಂಥ ಪರಾತ ಇಟ್ಟು, ತೊಳೆದು ಒಣಗಿಸಿದ ಎಳ್ಳು ಹರಡಿ, ಚಮಚದ ತುದಿಯಿಂದ ಪಾಕ ಬಿಟ್ಟು ಬೆರಳಿನಲ್ಲೇ ತಿರುಗಿಸುವಳು. ಒಂದು ಹನಿ ಒಣಗಿದ ಮೇಲೆ ಇನ್ನೊಂದು ಹನಿ. ದಿನಗಟ್ಟಲೆ ಹೀಗೆ ನಡೆದ ಮೇಲೆ ಒಂದೊಂದು ಎಳ್ಳೂ ಬೆಳ್ಳಗಾಗಿ, ಮೈತುಂಬ ಸಣ್ಣ ಮುಳ್ಳು ಒಡೆಯುತ್ತಿತ್ತು. "ಮಾತಿಗೆ ಮುಳ್ಳ ಇರಬಾರ್ದು, ಎಳ್ಳಿಗೆ ಇರಬೇಕು ನೋಡು" ಎಂದು ನಗುತ್ತಿದ್ದಳು. ಆಕೆಯ ಬೆರಳ ತುದಿಗಳು ಸುಟ್ಟು ಒರಟಾಗಿರುತ್ತಿದ್ದವು. ಆ ಬೆರಳಿನಿಂದಲೇ ನನ್ನ ತಲೆ ಬಾಚುತ್ತಿದ್ದಳು.

ನನಗೆ ಒಂಬತ್ತು ವರ್ಷವಿದ್ದಾಗಿನ ಮಾತು. ಚಿಗವ್ವ ನೀರಿಗೆ ಹೋದ ಹೊತ್ತಿನಲ್ಲಿ, ಹನಿ ಹನಿ ಬಿಡುವುದೇಕೆ, ಒಮ್ಮೆಲೇ ಮುಗಿಸೋಣವೆಂದು ಒಂದು ಸೌಟು ಪಾಕ ಸುರಿದುಬಿಟ್ಟೆ. ಎಳ್ಳೆಲ್ಲ ಅಂಟಿ ಮುದ್ದೆಯಾಯಿತು. ಆಕೆ ಬಂದು ನೋಡಿದಳು, ಬೈಯಲಿಲ್ಲ. ಕುಳಿತು ಒಂದೊಂದೇ ಬಿಡಿಸಿದಳು. ಆದರೆ ಮುಳ್ಳು ಬರಲಿಲ್ಲ. ಎಷ್ಟು ತಿರುಗಿಸಿದರೂ ಕಾಳು ನುಣ್ಣಗೇ ಉಳಿದವು. ಅಜ್ಜಿಗೆ ಸಿಟ್ಟು ನೆತ್ತಿಗೇರಿತು. "ಇಂಥಾವ ಮಂದಿ ಮನಿಗೆ ಕೊಟ್ರ ನಮ್ಮ ಮಾರಿ ಮ್ಯಾಲ ಉಗಳ್ತಾರ. ಕೋಳಿಗೆ ಹಾಕ್ರಿ" ಎಂದಳು. ನಾನು ಕಂಬದ ಹಿಂದೆ ನಿಂತು ಅಳುತ್ತಿದ್ದೆ. ಹಬ್ಬದ ದಿನ ಮಧ್ಯಾಹ್ನ ಅಜ್ಜಿ ಉಂಡು ಅಡ್ಡಾದಾಗ ಚಿಗವ್ವ ಆ ನುಣ್ಣಗಿನ ಎಳ್ಳನ್ನು ಬಟ್ಟಲಿಗೆ ತುಂಬಿ ನನ್ನ ಕೈಗಿಟ್ಟಳು. "ದವಾಖಾನಿ ನರ್ಸಬಾಯಾರಿಗೆ ಕೊಟ್ಟ ಬಾ. ಹಬ್ಬದಾಗ ಒಬ್ಬಾಕೀನ ಅದಾಳ. ಅಕಿಗೇನ ಗೊತ್ತಾಗೂದಿಲ್ಲ ತಗೊ."

ನರ್ಸಬಾಯಿ ನಮ್ಮ ಓಣಿಯ ತುದಿಯ ಖೋಲಿಯಲ್ಲಿ ಬಾಡಿಗೆಗಿದ್ದ ಹರೆಯದ ಹೆಣ್ಣುಮಗಳು. ಆಕೆಯ ಜಾತಿ ಯಾವುದೆಂದು ತಿಳಿದ ದಿನದಿಂದ ಓಣಿಯವರು ಆಕೆಯನ್ನು ಅರಿಷಿಣ ಕುಂಕುಮಕ್ಕೆ ಕರೆಯುತ್ತಿರಲಿಲ್ಲ. ನಾನು ಓಡಿ ಹೋಗಿ ಕೊಟ್ಟು ಓಡಿ ಬಂದೆ. ನನ್ನ ತಪ್ಪು ಮನೆಯಿಂದ ಹೊರಗೆ ಹೋಯಿತಲ್ಲ, ಅಷ್ಟೇ ನನಗೆ ಬೇಕಾಗಿತ್ತು. ಮುಂದೆ ಸ್ವಲ್ಪ ದಿನಕ್ಕೆ ಅಪ್ಪನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿ ನಾವು ಮುರಗೋಡ ಬಿಟ್ಟೆವು.

ಅಜ್ಜಿ ಹೋದಳು, ಅಪ್ಪನ ಅಣ್ಣತಮ್ಮಂದಿರು ಬೇರೆಯಾದರು, ತುಂಬಿದ ಮನೆ ಒಂದೊಂದೇ ಖೋಲಿಯಾಗಿ ಖಾಲಿಯಾಯಿತು. ಹಿಂದಿನ ಖೋಲಿಯಲ್ಲಿ ಚಿಗವ್ವ ಒಬ್ಬಳೇ ಉಳಿದಳು. ಕೊನೆಯ ಸಲ ಹೋದಾಗ ನನ್ನ ಕೈ ಹಿಡಿದುಕೊಂಡು ಕೇಳಿದಳು: "ನಾ ಬಾಳಿದ್ದರಿಂದ ಯಾರಿಗೇನ ಆತವ್ವಾ? ಮನ್ಯಾಗ ಒಂದ ಖಾರಾ ಕುಟ್ಟೂ ಒಳ್ಳ ಇದ್ದಂಗ ಇದ್ನಿ." "ಹಂಗ್ಯಾಕ ಅಂತಿ" ಎಂದೆ, ಕೈಗಡಿಯಾರ ನೋಡಿದೆ, ಬಸ್ಸಿಗೆ ಎದ್ದೆ. ಆ ಮಳೆಗಾಲದಲ್ಲಿ ಆಕೆ ಹೋದಳು. ನಾನು ಮಣ್ಣು ಕೊಡುವ ಹೊತ್ತಿಗೆ ಮಾತ್ರ ಮುಟ್ಟಿದೆ. ಆ ಪ್ರಶ್ನೆ ಅಂದಿನಿಂದ ನನ್ನ ಜೊತೆಗೇ ಉಂಡಿದೆ, ಮಲಗಿದೆ.

ಹೋದ ಸಂಕ್ರಾಂತಿಗೆ ಮುಂಚೆ ಕಿತ್ತೂರಿನಿಂದ ಬೈಲಹೊಂಗಲಕ್ಕೆ ಹೊರಟಿದ್ದೆ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ವಯಸ್ಸಾದ ಹೆಣ್ಣುಮಗಳು ನಮ್ಮ ಕಡೆಯ ರೂಢಿಯಂತೆ ಯಾವೂರು, ಯಾರ ಮನೆ ಎಂದು ಕೇಳಿದರು. ಹೇಳಿದೆ. ಅವರು ನನ್ನ ಕಡೆ ಹೊರಳಿ, "ಆ ಮನ್ಯಾಗ ಎಳ್ಳ ಮಾಡೂ ಅಕ್ಕಾರು ಒಬ್ರು ಇದ್ರಲ್ರಿ?" ಎಂದರು. ನಾನು ತಿರುಗಿ ಅವರ ಮುಖ ನೋಡಿದೆ. ಆ ಊರಿನ ದವಾಖಾನೆಯಲ್ಲಿ ನರ್ಸ್ ಆಗಿದ್ದೆನೆಂದರು. ನರ್ಸಬಾಯಿಯೇ.

"ಅವರ ಎಳ್ಳ ಬಂದ ಸಂಕ್ರಾಂತಿ ದಿನ ನಾ ಟ್ರಂಕ್ ತುಂಬಿ ಇಟ್ಟಿದ್ನಿ" ಎಂದರು. "ನೌಕರಿ ಬಿಟ್ಟ ರಾಮದುರ್ಗಕ್ಕ ಅವ್ವನ ಕಡೆ ಹೋಗಿಬಿಡೂದಂತ. ನಾಕ ತಿಂಗಳಾಗ ಓಣ್ಯಾಗ ಒಬ್ರೂ ಬಾ ಅಂದಿರಲಿಲ್ಲ. ಅಷ್ಟರಾಗ ಒಂದ ಸಣ್ಣ ಹುಡುಗಿ ಬಂತು. ಚಿಗವ್ವ ಕೊಟ್ಟಾಳ್ರಿ ಅಂತ ಎಳ್ಳ ಕೊಟ್ಟು, ಬಗ್ಗಿ ನನ್ನ ಕಾಲ ಮುಟ್ಟಿ ಓಡಿ ಹೋತು. ಆ ಊರಾಗ ನನ್ನ ಕಾಲ ಮುಟ್ಟಿದಾಕಿ ಅದ ಮೊದಲ್ರಿ. ಕುಂತು ಅತ್ತು, ಟ್ರಂಕ್ ಬಿಚ್ಚಿದ್ನಿ. ಅದ ನೌಕರಿ ಮ್ಯಾಲ ಇಬ್ರು ತಂಗಿಗೋಳನ್ನ ದಡಾ ಹಚ್ಚಿದ್ನಿ."

ಕಾಲು ಮುಟ್ಟಿದ್ದು ನನಗೆ ನೆನಪೇ ಇಲ್ಲ. ಎಳ್ಳು ಕೊಟ್ಟರೆ ದೊಡ್ಡವರ ಕಾಲು ಮುಟ್ಟಬೇಕೆಂದು ಚಿಗವ್ವ ಕಲಿಸಿದ್ದಳು, ರೂಢಿಯಂತೆ ಬಗ್ಗಿರಬೇಕು. ಅವರು ಮತ್ತೆ ಹೇಳಿದರು: "ಎಲ್ಲಾರ ಮನಿ ಎಳ್ಳಿಗೆ ಮುಳ್ಳ ಇರ್ತಾವು. ಅವು ಮುತ್ತಿನಂಗ ನುಣ್ಣಗಿದ್ವು. ನನಗಂತನ ಬ್ಯಾರೆ ಮಾಡ್ಯಾರ ಅನ್ಕೊಂಡ್ನಿ. ಅಕ್ಕಾರು ಆರಾಮ ಅದಾರೇನ್ರಿ?"

"ತೀರ್ಕೊಂಡ್ರಿ. ಹನ್ನೊಂದ ವರ್ಷಾತು."

ಅವರು ಕಿಟಕಿಯ ಕಡೆ ತಿರುಗಿದರು. "ಹೋಗಿ ಒಂದ ಮಾತ ಹೇಳಬೇಕಂತ ಭಾಳ ಇತ್ತು. ಬದಲಿ ಆತು, ಮುಂದ ಮುಂದ ಹಾಕ್ಕೋತ ಉಳದ್ನಿ" ಎಂದರು. ಆ ಹುಡುಗಿ ನಾನೇ ಎಂದು ಹೇಳಿದೆ. ಎಳ್ಳು ಕೆಟ್ಟದ್ದಾಗಿತ್ತೆಂದು ಹೇಳಲಿಲ್ಲ. ಬೈಲಹೊಂಗಲ ಬರುವ ತನಕ ಅವರು ನನ್ನ ಕೈ ಬಿಡಲಿಲ್ಲ.

ಪೇಟೆಯ ಕೆಲಸ ಅಲ್ಲಿಗೇ ಬಿಟ್ಟು ಮುರಗೋಡದ ಬಸ್ಸು ಹತ್ತಿದೆ. ಮನೆ ಇದ್ದ ಜಾಗದಲ್ಲಿ ಈಗ ನೀರಿನ ಪೈಪು ಮಾರುವ ಅಂಗಡಿ ಇದೆ. ಶೇಗಡಿ ಇರುತ್ತಿದ್ದ ಮೂಲೆಯನ್ನು ಲೆಕ್ಕ ಹಾಕಿ ಹುಡುಕಿದೆ. ಅಲ್ಲಿ ಕರಿ ಪೈಪಿನ ಸುರುಳಿಗಳನ್ನು ಒಟ್ಟಿದ್ದರು. ಬಹಳ ಹೊತ್ತು ನಿಂತಿದ್ದೆನೇನೋ, ಅಂಗಡಿಯವರು ಎದ್ದು ಬಂದರು.

"ಏನ್ ಬೇಕಾಗಿತ್ರಿ ಅಕ್ಕಾರ?"

"ಏನೂ ಬ್ಯಾಡ್ರಿ. ಒಂದ ಮಾತ ಹೇಳೂದಿತ್ತು."

"ಯಾರಿಗ್ರಿ?"

ನಾನು ಆ ಮೂಲೆಯನ್ನು ಇನ್ನೊಮ್ಮೆ ನೋಡಿದೆ. "ಮನಿಯಾಗ ಇಲ್ರಿ ಅಕಿ" ಎಂದು ಹೇಳಿ, ಬಸ್ಸಿಗೆ ಹೊತ್ತಾಗದಿದ್ದರೂ ಸ್ಟ್ಯಾಂಡಿನ ಕಡೆ ನಡೆದೆ.